‘ಎನೇಬಲ್’ ಅಂದರೆ ‘ಸಕ್ರಿಯಗೊಳಿಸು’ ಅಷ್ಟೇನಾ?

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತೇನೆ. ಈಗ ಕೈಯಲ್ಲಿರುವುದು ಪಂಪ್‌ಸೆಟ್ಟನ್ನು ಮೊಬೈಲಿನಿಂದ ನಡೆಸುವ ಒಂದು ಆ್ಯಪ್. ಫೈಲಿನಲ್ಲಿ ‘ಎನೇಬಲ್’ ಅನ್ನೋ ಪದ 37 ಸಲ ಬಂದಿದೆ. ಕೆಲಸ ಕೊಟ್ಟವರು ಒಂದು ಪದಪಟ್ಟಿ ಕಳಿಸಿದ್ದಾರೆ. ಅದರ ಪ್ರಕಾರ ಎನೇಬಲ್ ಅಂದರೆ ‘ಸಕ್ರಿಯಗೊಳಿಸು’. ಎಲ್ಲ ಕಡೆ ಅದನ್ನೇ ಹಾಕಬೇಕಂತೆ.

ಹಾಕಿದೆ. ‘ಸ್ಥಳವನ್ನು ಸಕ್ರಿಯಗೊಳಿಸಿ’. ‘ಆಟೋ ಮೋಡ್ ಸಕ್ರಿಯಗೊಳಿಸಿ’. ‘ಎಸ್ಸೆಮ್ಮೆಸ್ ಸಕ್ರಿಯಗೊಳಿಸಲಾದ ನಿಯಂತ್ರಕ’. ಕೊನೆಗೆ ಇದು ಬಂತು: ‘ಈ ವೈಶಿಷ್ಟ್ಯವು ಮನೆಯಿಂದಲೇ ಪಂಪ್ ಪ್ರಾರಂಭಿಸಲು ರೈತರನ್ನು ಸಕ್ರಿಯಗೊಳಿಸುತ್ತದೆ’. ಅಪ್ಪನಿಗೆ ಓದಿ ಹೇಳಿದೆ. ಅಡಿಕೆ ತೋಟದಲ್ಲೇ ಜೀವ ಸವೆಸಿದವರು ಅವರು. “ನಮ್ಮನ್ನ ಸಕ್ರಿಯಗೊಳಿಸ್ತಾರಾ? ಇಷ್ಟು ದಿನ ನಾವೇನು ಮಲಗಿದ್ವಾ?” ಅಂತ ನಕ್ಕುಬಿಟ್ಟರು.

ನನಗೂ ನಗು ಬಂತು, ಆದರೆ ಕೆಲಸ ಅಲ್ಲೇ ನಿಂತಿದೆ. ಈ ಪದಕ್ಕೆ ಸರಿಯಾದ ಅರ್ಥ ಏನು? ಕನ್ನಡದಲ್ಲಿ ಇದನ್ನು ಹೇಗೆ ಹೇಳುತ್ತೇವೆ? ಶುಕ್ರವಾರ ಫೈಲ್ ಕೊಡಬೇಕು.

ರಾಗಿಮುದ್ದೆ:
ಎನೇಬಲ್ ಅಂತಲೇ ಬಿಟ್ಟುಬಿಡಿ. ಎಲ್ಲರಿಗೂ ಗೊತ್ತು.

ಬೆಣ್ಣೆದೋಸೆ:
ಅಪ್ಪನಿಗೆ ಗೊತ್ತಿಲ್ಲ ಅಲ್ವಾ. ಆ್ಯಪ್ ಮಾಡಿರೋದು ಅವರಂಥವರಿಗೇ.

ಇಂಗ್ಲಿಷ್ ಮೇಷ್ಟ್ರು:
ಮಗಳೇ, ಈ ಪದದ ಜೊತೆ ನನಗೆ ಹಳೇ ಜಗಳ ಇದೆ. ತುಮಕೂರು ಜಿಲ್ಲೆಯ ಹೈಸ್ಕೂಲುಗಳಲ್ಲಿ ಪಾಠ ಮಾಡುವಾಗ ವಾರಕ್ಕೆ ನಾಲ್ಕಾದರೂ ರಜೆ ಚೀಟಿ ಹೀಗೆ ಬರುತ್ತಿತ್ತು: ‘ಐ ಆ್ಯಮ್ ಎನೇಬಲ್ ಟು ಕಮ್ ಟು ಸ್ಕೂಲ್’. ಹುಡುಗ ಹೇಳಬೇಕಾಗಿದ್ದದ್ದು ‘ಅನೇಬಲ್’, ಅಂದರೆ ಬರಲಿಕ್ಕೆ ಆಗುವುದಿಲ್ಲ ಅಂತ. ಒಂದೇ ಒಂದು ಸ್ವರ ಬದಲಾಗಿ ಮಾತು ತಲೆಕೆಳಗು. ಅದೂ ಅಲ್ಲದೆ ‘ಅನೇಬಲ್’ ಗುಣವಾಚಕ, ‘ಎನೇಬಲ್’ ಕ್ರಿಯಾಪದ. ‘ಐ ಆ್ಯಮ್’ ಆದಮೇಲೆ ಅದು ಹಾಗೆ ಬಂದು ಕೂರುವುದೇ ಇಲ್ಲ.

ಪದದ ಹುಟ್ಟು ನೋಡಿ. ‘ಏಬಲ್’ ಬಂದದ್ದು ಲ್ಯಾಟಿನ್ನಿನ ‘ಹ್ಯಾಬಿಲಿಸ್’ ಎಂಬ ಪದದಿಂದ, ಫ್ರೆಂಚ್ ದಾರಿಯಾಗಿ. ಅದರ ಮೂಲ ಅರ್ಥ ‘ಹಿಡಿಯಲು ಸುಲಭವಾದದ್ದು, ಕೈಗೆ ಒಗ್ಗುವಂಥದ್ದು’. ಅದರ ಮುಂದೆ ‘ಎನ್’ ಸೇರಿದರೆ ‘ಹಾಗೆ ಮಾಡು’ ಅಂತ. ಎನ್‌ರಿಚ್, ಎನ್‌ಲಾರ್ಜ್ ಇದ್ದ ಹಾಗೆ. ಇಂಗ್ಲಿಷಿನಲ್ಲಿ 15ನೇ ಶತಮಾನದ ಆರಂಭದಿಂದ ಬಳಕೆಯಲ್ಲಿದೆ. ನನಗೆ ಖುಷಿ ಕೊಡೋ ವಿಷಯ ಅಂದರೆ, ಕನ್ನಡವೂ ಇದನ್ನು ಕೈಯಿಂದಲೇ ಹೇಳುತ್ತದೆ. ‘ನನ್ನ ಕೈಲಾಗುತ್ತೆ’, ‘ನನ್ನ ಕೈಲಾಗಲ್ಲ’. ಕೆಲಸ ‘ಕೈಗೂಡಿತು’. ಆದ್ದರಿಂದ ಎನೇಬಲ್ ಅಂದರೆ ‘ಕೈಲಾಗುವ ಹಾಗೆ ಮಾಡು’. ಕೆಲಸ ನಾವು ಮಾಡಿಕೊಡುವುದಿಲ್ಲ. ಮಾಡುವವನು ಬೇರೆಯವನು. ಅವನಿಗೆ ಆಗುವ ಹಾಗೆ ಮಾಡುತ್ತೇವೆ, ಅಷ್ಟೇ.

ಇನ್ನು ಬಳಕೆ. ಎನೇಬಲ್ ಆದಮೇಲೆ ‘ಯಾರನ್ನು’ ಅಥವಾ ‘ಏನನ್ನು’ ಎಂಬುದು ಬರಲೇಬೇಕು. ಆಮೇಲೆ ‘ಟು’. ‘ದಿಸ್ ಎನೇಬಲ್ಸ್ ಟು ಸೇವ್ ವಾಟರ್’ ಅಂತ ನಮ್ಮವರು ಧಾರಾಳವಾಗಿ ಬರೆಯುತ್ತಾರೆ, ಅದು ತಪ್ಪು. ‘ಎನೇಬಲ್ಸ್ ಫಾರ್ಮರ್ಸ್ ಟು ಸೇವ್ ವಾಟರ್’ ಅನ್ನಬೇಕು. ಕನ್ನಡದಲ್ಲಿ ‘ಇದರಿಂದ ನೀರು ಉಳಿಸಬಹುದು’ ಅಂತ ಕರ್ತೃವನ್ನು ಹೇಳದೆ ಬಿಡುತ್ತೇವಲ್ಲ, ಆ ಚಾಳಿ ಇಂಗ್ಲಿಷಿಗೂ ಹೋಗಿಬಿಡುತ್ತದೆ. ‘ಲೆಟ್’ ಬಳಸಿದರೆ ‘ಟು’ ಬೇಡ. ಎನೇಬಲ್‌ಗೆ ‘ಟು’ ಬೇಕು.

ಹಿತ್ತಲ ಗಿಡ:
ಮೇಷ್ಟ್ರೇ, ಹಾಗಾದರೆ ‘ಅಲೋ’ಗೂ ಇದಕ್ಕೂ ಏನು ವ್ಯತ್ಯಾಸ? ನಾನು ಎರಡನ್ನೂ ಒಂದೇ ಥರ ಬಳಸುತ್ತೇನೆ.

ಇಂಗ್ಲಿಷ್ ಮೇಷ್ಟ್ರು:
ನನ್ನದೇ ಕಥೆ ಹೇಳುತ್ತೇನೆ. ಪಿಯುಸಿಗೆ ಮೈಸೂರಿಗೆ ಹೋಗಲು ಅಪ್ಪ ಒಪ್ಪಿದರು. ಇದು ‘ಅಲೋ’. ಆದರೆ ಮನೆಯಲ್ಲಿ ದುಡ್ಡಿರಲಿಲ್ಲ. ಚಿಕ್ಕಪ್ಪ ಬಸ್ ಚಾರ್ಜು, ಹಾಸ್ಟೆಲ್ ಫೀಸು ಕೊಟ್ಟರು. ಇದು ‘ಎನೇಬಲ್’. ಅಪ್ಪ ಹೋಗಲು ಬಿಟ್ಟರು, ಚಿಕ್ಕಪ್ಪನಿಂದಾಗಿ ಹೋಗಲಿಕ್ಕೆ ಆಯಿತು. ಒಂದು ಅಪ್ಪಣೆ, ಇನ್ನೊಂದು ಅನುಕೂಲ. ಈಚೆಗೆ ಇಂಗ್ಲಿಷಿನವರೇ ಎರಡನ್ನೂ ಬೆರೆಸುತ್ತಾರೆ, ಹಾಗಾಗಿ ನಿಮ್ಮನ್ನು ಬೈಯುವುದಿಲ್ಲ.

ಮಲ್ಲಿಗೆ ಮೊಗ್ಗು:
2023ರ ಜೂನ್ 11ಕ್ಕೆ ಶುರುವಾದ, ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಕೊಡುವ ‘ಶಕ್ತಿ’ ಯೋಜನೆ ಇದಕ್ಕೆ ಒಳ್ಳೇ ಉದಾಹರಣೆ. ಬಸ್ ಹತ್ತಬೇಡಿ ಅಂತ ಹೆಂಗಸರಿಗೆ ಮೊದಲೂ ಯಾರೂ ಹೇಳಿರಲಿಲ್ಲ. ಆದರೆ ಟಿಕೆಟ್ ದುಡ್ಡಿಗೆ ಗಂಡನ ಮುಖ ನೋಡಬೇಕಿತ್ತು. ಈಗ ನಮ್ಮ ಅತ್ತೆ ಬ್ಯಾಗು ಹಿಡಿದು ಧರ್ಮಸ್ಥಳಕ್ಕೆ ಹೊರಟುಬಿಡುತ್ತಾರೆ. “ಹೋಗೋ ಹಾಗಾಯ್ತು ಕಣಮ್ಮ” ಅಂತಾರೆ. ನೋಡಿ, ಅವರ ಮಾತಿನಲ್ಲಿ ಎನೇಬಲ್‌ಗೆ ಬೇರೆ ಪದವೇ ಇಲ್ಲ. ‘ಹಾಗಾಯ್ತು’ ಅನ್ನೋದರಲ್ಲೇ ಎಲ್ಲ ಬಂತು.

ಬೆಣ್ಣೆದೋಸೆ:
ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ! ನಾನು ಒಂದು ಕ್ರಿಯಾಪದ ಹುಡುಕುತ್ತಿದ್ದೆ. ‘ಈ ಸೌಲಭ್ಯ ಇರುವುದರಿಂದ ಮನೆಯಲ್ಲೇ ಕೂತು ಪಂಪ್ ಆನ್ ಮಾಡಬಹುದು’. ಎನೇಬಲ್ ಎಲ್ಲೂ ಇಲ್ಲ, ಆದರೂ ಇದೆ.

ಇಂಗ್ಲಿಷ್ ಮೇಷ್ಟ್ರು:
ಸರಿಯಾಗಿ ಹಿಡಿದಿರಿ. ಇಂಗ್ಲಿಷಿನಲ್ಲಿ ಸೇತುವೆ, ಆ್ಯಪ್, ಕಾಯಿದೆ ಎಲ್ಲವೂ ಕರ್ತೃವಾಗಿ ಮೆರೆಯುತ್ತವೆ. ‘ಸೇತುವೆ ಹಳ್ಳಿಯವರನ್ನು ಎನೇಬಲ್ ಮಾಡಿತು’. ಕನ್ನಡದಲ್ಲಿ ಸೇತುವೆ ಸುಮ್ನೆ ಇರುತ್ತದೆ. ‘ಸೇತುವೆ ಆದಮೇಲೆ ಮಕ್ಕಳು ಮಳೆಗಾಲದಲ್ಲೂ ಸ್ಕೂಲಿಗೆ ಹೋಗುವಂತಾಯಿತು’. ಓಡಾಡುವವರು ಮಕ್ಕಳು.

ಕೋಡ್ ಕುಟ್ಟಪ್ಪ:
ಉದ್ದ ವಾಕ್ಯಗಳಿಗೆ ಇದು ಸರಿ. ಬಟನ್ ಮೇಲೆ ಏನು ಬರೆಯುತ್ತೀರಿ? ಅಲ್ಲಿ ಒಂದೇ ಪದಕ್ಕೆ ಜಾಗ. ‘ಸಕ್ರಿಯಗೊಳಿಸಿ’ ಅಂತ ಫೋನುಗಳಲ್ಲಿ ವರ್ಷಗಳಿಂದ ನೋಡಿ ಜನಕ್ಕೆ ಅಭ್ಯಾಸ ಆಗಿದೆ. ನನ್ನ ದೂರು ಬೇರೆ. ‘ಆ್ಯಕ್ಟಿವೇಟ್’ಗೂ ಅದೇ ಪದ, ‘ಎನೇಬಲ್’ಗೂ ಅದೇ ಪದ. ಇವೆರಡೂ ಒಂದಲ್ಲ.

ಕಳೆದ ವರ್ಷ ಮಾವನಿಗೆ ಹೊಸ ಡೆಬಿಟ್ ಕಾರ್ಡ್ ಬಂತು. ಎಟಿಎಂನಲ್ಲಿ ಪಿನ್ ಹಾಕಿ ಆ್ಯಕ್ಟಿವೇಟ್ ಮಾಡಿಸಿದೆ. ಎಟಿಎಂನಲ್ಲಿ ದುಡ್ಡು ಬಂತು. ಮನೆಗೆ ಬಂದು ಆನ್‌ಲೈನಿನಲ್ಲಿ ಟ್ರೈನ್ ಟಿಕೆಟ್ ತೆಗೆಯಲು ಹೋದರೆ ಆಗಲೇ ಇಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ “ಸರ್, ಕಾರ್ಡ್ ಸಕ್ರಿಯವಾಗಿದೆ” ಅನ್ನುತ್ತಾರೆ. ಮೂರು ಸಲ ಅದೇ ಉತ್ತರ. ಆಮೇಲೆ ಗೊತ್ತಾಯಿತು, 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡು ಶುರುವಿನಲ್ಲಿ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಮೆಷಿನ್‌ಗೆ ಮಾತ್ರ. ಆನ್‌ಲೈನ್, ವಿದೇಶ, ಮುಟ್ಟಿಸಿ ಪಾವತಿ ಇವನ್ನೆಲ್ಲ ಗ್ರಾಹಕನೇ ಬೇರೆಯಾಗಿ ಎನೇಬಲ್ ಮಾಡಿಕೊಳ್ಳಬೇಕು. ಕಾರ್ಡು ಆ್ಯಕ್ಟಿವ್, ಆನ್‌ಲೈನ್ ಎನೇಬಲ್ ಆಗಿಲ್ಲ. ಕನ್ನಡದಲ್ಲಿ ಎರಡಕ್ಕೂ ‘ಸಕ್ರಿಯ’ ಅಂದರೆ ಮಾವ ಏನು ತಿಳಿದುಕೊಳ್ಳಬೇಕು?

ನೆಟ್‌ವರ್ಕ್ ಕೆಲಸದವರಿಗೆ ಇನ್ನೊಂದು ಗೊತ್ತಿರುತ್ತದೆ. ಸಿಸ್ಕೋ ರೌಟರಿಗೆ ಲಾಗಿನ್ ಆಗಿ ‘ಎನೇಬಲ್’ ಅಂತ ಟೈಪ್ ಮಾಡಿದರೆ ಏನೂ ‘ಆನ್’ ಆಗುವುದಿಲ್ಲ. ಬಾಣದ ಗುರುತು ಹೋಗಿ ಹ್ಯಾಶ್ ಗುರುತು ಬರುತ್ತದೆ, ಅಷ್ಟೇ. ಅಂದರೆ ಇನ್ನು ಮುಂದೆ ದೊಡ್ಡ ಆಜ್ಞೆ ಕೊಡುವ ಅಧಿಕಾರ ನಿಮ್ಮದು. ನೀವು ಏನೂ ಮಾಡದೆ ಕೂತರೆ ರೌಟರೂ ಸುಮ್ಮನೆ ಕೂತಿರುತ್ತದೆ.

ಪಿನ್ ನಂಬರ್ 1:
ಡಿಪ್ಲೊಮಾ ವಿದ್ಯಾರ್ಥಿ ನಾನು. ಲೈನ್ ಫಾಲೋವರ್ ರೋಬೋ ಮಾಡುವಾಗ ಮೋಟರ್ ನಡೆಸುವ ಎಲ್293ಡಿ ಅನ್ನೋ ಐಸಿಯಲ್ಲಿ (ಚಿಪ್) ಎರಡು ಸಂಜೆ ಹಾಳು ಮಾಡಿಕೊಂಡೆ. ಇನ್‌ಪುಟ್ ಸರಿ, ಬ್ಯಾಟರಿ ಸರಿ, ಮೋಟರ್ ತಿರುಗಲ್ಲ. 1ನೇ ಪಿನ್ನು ಎನೇಬಲ್ ಪಿನ್ನು. ಅದಕ್ಕೆ ಐದು ವೋಲ್ಟ್ ಕೊಟ್ಟಿರಲಿಲ್ಲ. ಕೊಟ್ಟ ಮೇಲೂ ಇನ್‌ಪುಟ್ ಇಲ್ಲದಿದ್ದರೆ ತಿರುಗಲ್ಲ. ಎನೇಬಲ್ ಅಂದ್ರೆ ‘ತಿರುಗು’ ಅಂತಲ್ಲ, ‘ತಿರುಗು ಅಂದಾಗ ತಿರುಗು’ ಅಂತ. ನಮ್ಮ ಲ್ಯಾಬ್ ಅಟೆಂಡರ್ ಅಣ್ಣ ಅದಕ್ಕೆ ‘ಚಿಲಕ ತೆಗಿಯೋ ಪಿನ್ನು’ ಅಂತಾರೆ.

ಕೋಡ್ ಕುಟ್ಟಪ್ಪ:
‘ಚಿಲಕ ತೆಗಿಯೋ ಪಿನ್ನು’! ನಮ್ಮ ಇಡೀ ಆಫೀಸಿನ ಡಾಕ್ಯುಮೆಂಟಿಗಿಂತ ಚೆನ್ನಾಗಿದೆ.

ವೈಂಡಿಂಗ್ ಅಂಗಡಿ:
ತಂಗಿ, ರಾಣೆಬೆನ್ನೂರಿನಲ್ಲಿ ಮೋಟರ್ ರಿವೈಂಡಿಂಗ್ ಮಾಡ್ತೀನಿ. ‘ಆಟೋ ಮೋಡ್ ಸಕ್ರಿಯಗೊಳಿಸಿ’ ಅಂತ ದಯವಿಟ್ಟು ಬರೆಯಬೇಡಿ. ಇದು ಭಾಷೆಯ ಮಾತಲ್ಲ, ಜೀವದ ಮಾತು.

ಹೊಲದಲ್ಲಿ ತ್ರೀ ಫೇಸ್ ಕರೆಂಟ್ ದಿನವಿಡೀ ಇರಲ್ಲ. ಕೆಲವು ಗಂಟೆ ಕೊಡ್ತಾರೆ, ಎಷ್ಟೋ ಸಲ ರಾತ್ರಿ ಹೊತ್ತು. ಅದಕ್ಕೇ ರೈತರು ಆಟೋ ಸ್ಟಾರ್ಟರ್ ಹಾಕಿಸ್ತಾರೆ. ಕರೆಂಟ್ ಬಂದ ತಕ್ಷಣ ಮೋಟರ್ ತಾನೇ ಎತ್ತಿಕೊಳ್ಳುತ್ತೆ. ಎಲ್ಲರ ಮೋಟರೂ ಒಂದೇ ಗಳಿಗೆಗೆ ಎತ್ತಿಕೊಂಡು ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುತ್ತೆ ಅಂತ ಕರೆಂಟಿನವರು ಬೈತಾರೆ, ಅದು ಬೇರೆ ಕಥೆ.

ಈಗ ನಿಮ್ಮ ಬಟನ್ ನೋಡಿ. ರೈತ ‘ಸಕ್ರಿಯಗೊಳಿಸಿ’ ಒತ್ತುತ್ತಾನೆ. ಆಗ ಕರೆಂಟ್ ಇಲ್ಲ. ಮೋಟರ್ ಎತ್ತಲ್ಲ. ‘ಸಕ್ರಿಯ ಆಗಿಲ್ಲ, ಏನೋ ಕೆಟ್ಟಿದೆ’ ಅಂದುಕೊಂಡು ಡಬ್ಬಿ ಬಿಚ್ಚುತ್ತಾನೆ, ವೈರಿಗೆ ಕೈ ಹಾಕುತ್ತಾನೆ. ಅದೇ ಹೊತ್ತಿಗೆ ಕರೆಂಟ್ ಬಂದರೆ? ನಮ್ಮ ಕಡೆ ಇದಕ್ಕೆ ಮಾತು ಇದೆ. ‘ಆಟೋಗೆ ಹಾಕು’, ‘ಆಟೋದಿಂದ ತೆಗಿ’. ‘ಆಟೋಗೆ ಹಾಕೀನಿ’ ಅಂದರೆ ಮೋಟರ್ ಈಗ ನಿಂತಿರಬಹುದು, ಯಾವಾಗ ಬೇಕಾದರೂ ಎತ್ತಬಹುದು, ಹುಷಾರು ಅಂತ ಹುಡುಗರಿಗೂ ಗೊತ್ತು.

ಬೆಣ್ಣೆದೋಸೆ:
ಅಣ್ಣ, ನೀವು ಹೇಳಿದ್ದು ಓದಿ ಕೈಕಾಲು ತಣ್ಣಗಾಯಿತು. ಅಪ್ಪನೂ ‘ಆಟೋಗೆ ಹಾಕು’ ಅಂತಲೇ ಹೇಳೋದು. ದಿನಾ ಕೇಳಿಯೂ ನನಗೆ ಅದು ಅನುವಾದ ಅನ್ನಿಸಿರಲಿಲ್ಲ.

ಕರಾವಳಿ ಕಾಗೆ:
ಪೇಪರುಗಳಲ್ಲಿ ‘ಅನುವು ಮಾಡಿಕೊಡು’ ಅಂತ ಬರೆಯುತ್ತಾರಲ್ಲ, ಅದನ್ನು ಯಾರೂ ಹೇಳಲಿಲ್ಲ. ‘ಅನುವು’ ಒಳ್ಳೆಯ ಪದ. ಸಿದ್ಧವಾಗುವುದು, ಹದವಾಗುವುದು. ಮದುವೆಗೆ ಅನುವಾದರು, ಯುದ್ಧಕ್ಕೆ ಅನುವಾದರು ಅಂತ ಇದೆ. ಅನುವಾದಕಿಗೇ ‘ಅನುವು’ ಸಿಗಲಿಲ್ಲ ಅಂದರೆ ಹೇಗೆ!

ನನಗೆ ಕುತೂಹಲ ಇರುವುದು ಇದರ ಕೆಟ್ಟ ಮಗ್ಗುಲಿನ ಬಗ್ಗೆ. ಇಂಗ್ಲಿಷಿನಲ್ಲಿ ಎನೇಬಲ್ ಒಂದೇ ಪದ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ಕನ್ನಡದಲ್ಲಿ ಪದ ಕೇಳಿದರೇ ಮಾತಾಡುವವನು ಯಾವ ಕಡೆ ಅಂತ ಗೊತ್ತಾಗುತ್ತದೆ. ಒಳ್ಳೆಯದಕ್ಕೆ ‘ಒತ್ತಾಸೆಯಾಗಿ ನಿಂತರು’. ‘ದಾರಿ ಮಾಡಿಕೊಟ್ಟರು’ ಎರಡಕ್ಕೂ ನಡೆಯುತ್ತದೆ. ಅನುಮಾನಕ್ಕೆ ‘ಇಂಬು ಕೊಟ್ಟರು’. ತಪ್ಪಿಗೆ ‘ಆಸ್ಪದ ಕೊಟ್ಟರು’. ವಿವಾದಕ್ಕೆ ‘ಎಡೆ ಮಾಡಿಕೊಟ್ಟಿತು’. ಇಂಬು, ಎಡೆ, ಆಸ್ಪದ ಮೂರೂ ಮೂಲದಲ್ಲಿ ಬರೀ ‘ಜಾಗ’. ಜಾಗ ಕೊಟ್ಟರೆ ಸಾಕು, ಮಿಕ್ಕಿದ್ದು ತಾನೇ ಬಂದು ಕೂರುತ್ತದೆ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು.

‘ಕುಮ್ಮಕ್ಕು’ ಇನ್ನೂ ಮಜಾ. ಇದು ಉರ್ದು, ಪರ್ಷಿಯನ್ನಿನ ‘ಕುಮಕ್’. ಅರ್ಥ ಬರೀ ‘ನೆರವು’. ಕನ್ನಡಕ್ಕೆ ಬಂದು ಕೆಟ್ಟ ಕೆಲಸಕ್ಕೆ ಕೊಡುವ ನೆರವಾಯಿತು. ಆದರೆ ಅದರ ತಮ್ಮ ಒಬ್ಬ ನಮ್ಮ ದಕ್ಷಿಣ ಕನ್ನಡದಲ್ಲಿ ಮರ್ಯಾದೆಯಿಂದ ಬದುಕಿದ್ದಾನೆ. ‘ಕುಮ್ಕಿ’ ಜಾಗ. ಹಳೆಯ ವರ್ಗ ಜಮೀನಿನ, ಅಂದರೆ ರೈತನ ಪಟ್ಟಾ ಜಮೀನಿನ ಸುತ್ತ 100 ಗಜದೊಳಗಿನ ಸರ್ಕಾರಿ ಜಾಗ. ಅದು ರೈತನ ಸ್ವಂತದ್ದಲ್ಲ, ಆದರೆ ಗೊಬ್ಬರಕ್ಕೆ ಸೊಪ್ಪು, ಒಲೆಗೆ ಸೌದೆ ಅಲ್ಲಿಂದ ತರುವ ಹಕ್ಕು ಅವನದು. ಆ ಸೊಪ್ಪಿಲ್ಲದೆ ಅಡಿಕೆ ತೋಟ ನಡೆಯುತ್ತಿರಲಿಲ್ಲ. ಕಾಡಾನೆ ಹಿಡಿಯಲು ಕರೆದೊಯ್ಯುವ ‘ಕುಮ್ಕಿ ಆನೆ’ಯೂ ಅದೇ ನೆರವಿನ ಆನೆ. ನನ್ನನ್ನು ಕೇಳಿದರೆ ಎನೇಬಲ್‌ಗೆ ನಮ್ಮೂರಿನ ಅತಿ ಹತ್ತಿರದ ನೆಂಟ ಕುಮ್ಕಿಯೇ. ಬಟನ್ ಮೇಲೆ ಮಾತ್ರ ಬರೆಯಬೇಡಿ, ತಹಶೀಲ್ದಾರ್ ನೋಟಿಸ್ ಬಂದೀತು.

ದೂರದ ಊರು:
ನ್ಯೂಜೆರ್ಸಿಯಿಂದ. ಇಲ್ಲಿ ‘ಎನೇಬ್ಲರ್’ ಅಂದರೆ ಈಗ ಬೈಗುಳವೇ. ಕುಡುಕನ ಕುಡಿತಕ್ಕೆ ಗೊತ್ತಿಲ್ಲದೇ ನೆರವಾಗುವ ಮನೆಯವರನ್ನು ಹಾಗನ್ನುತ್ತಾರೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದದ್ದು 1935ರಲ್ಲಿ, ಕುಡಿಯುವವರಿಗಾಗಿ. ಅವರ ಮನೆಯವರಿಗೆ ಅಂತಲೇ ‘ಅಲ್-ಅನಾನ್’ 1951ರಲ್ಲಿ ಬಂತು. ಮಗನ ಸ್ಕೂಲ್ ಕೌನ್ಸೆಲರ್ ನನಗೇ ಒಮ್ಮೆ ನಗುತ್ತಾ ‘ಯು ಆರ್ ಎನೇಬ್ಲಿಂಗ್ ಹಿಮ್’ ಅಂದರು, ಅವನ ಹೋಮ್‌ವರ್ಕ್ ನಾನೇ ಮಾಡುತ್ತಿದ್ದೆ ಅಂತ. ನಾನು ಹೊಗಳಿದರು ಅಂದುಕೊಂಡು ಥ್ಯಾಂಕ್ಸ್ ಹೇಳಿ ಬಂದೆ.

ಹೆಸರು ಬೇಡ:
ನಾನು ಇಲ್ಲಿ ಬರೆಯುವುದು ಕಡಿಮೆ. ಮೇಲಿನದು ಓದಿ ಸುಮ್ಮನಿರಲಾಗಲಿಲ್ಲ.

ನಮ್ಮಣ್ಣ ಹನ್ನೊಂದು ವರ್ಷ ಕುಡಿದ. ಅಮ್ಮ ಅವನ ಆಫೀಸಿಗೆ ಫೋನ್ ಮಾಡಿ “ಜ್ವರ ಸರ್, ಇವತ್ತೊಂದಿನ” ಅನ್ನುತ್ತಿದ್ದಳು. ಸಾಲದವರು ಬಂದರೆ ನಾನು ತೀರಿಸುತ್ತಿದ್ದೆ. ಅತ್ತಿಗೆ ರಾತ್ರಿ ವಾಂತಿ ಒರೆಸಿ, ಬೆಳಿಗ್ಗೆ ಇಸ್ತ್ರಿ ಷರಟು ಇಟ್ಟಿರುತ್ತಿದ್ದಳು. ಯಾರೂ ಅವನಿಗೆ ಕುಡಿ ಅಂದವರಲ್ಲ. ಒಂದು ತೊಟ್ಟು ತಂದುಕೊಟ್ಟವರಲ್ಲ. ಆದರೆ ಅವನು ಮಾರನೇ ದಿನ ಮತ್ತೆ ಕುಡಿಯಲಿಕ್ಕೆ ಏನೇನು ಬೇಕೋ ಎಲ್ಲವನ್ನೂ ನಾವು ಜೋಡಿಸಿಡುತ್ತಿದ್ದೆವು.

ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಾಗ ಅಲ್ಲಿನ ಒಬ್ಬರು ನಮ್ಮನ್ನೂ ಕೂರಿಸಿ ಮಾತಾಡಿದರು. ಇಂಗ್ಲಿಷ್ ಪದ ಬಳಸಲಿಲ್ಲ. “ಬಿದ್ದಾಗ ನೋವಾಗದ ಹಾಗೆ ಕೆಳಗೆ ಹಾಸಿಗೆ ಹಾಸ್ತಿದೀರಿ” ಅಂದರು. ಅಮ್ಮ ಜಗಳಕ್ಕೇ ನಿಂತಳು. ಹೆತ್ತವಳು ಹಾಸದೆ ಇನ್ಯಾರು ಹಾಸುತ್ತಾರೆ ಅಂತ. ಅದಕ್ಕೆ ಅವರು ಏನೂ ಹೇಳಲಿಲ್ಲ.

‘ಕುಮ್ಮಕ್ಕು’ ಅಂದರೆ ಅಮ್ಮನಿಗೆ ಅನ್ಯಾಯ ಆಗುತ್ತದೆ. ಕುಮ್ಮಕ್ಕಿನಲ್ಲಿ ಬೇಕೂ ಅಂತ ಮಾಡಿದ ವಾಸನೆ ಇದೆ. ಇದಕ್ಕೆ ಕನ್ನಡದಲ್ಲಿ ಪದ ಇದ್ದರೆ ಹೇಳಿ.

ಮಲ್ಲಿಗೆ ಮೊಗ್ಗು:
ಅಕ್ಕಾ, ಅಥವಾ ಅಣ್ಣ, ಯಾರೋ ಗೊತ್ತಿಲ್ಲ. ನಮ್ಮ ಕಡೆ ‘ಸೆರಗಲ್ಲಿ ಮುಚ್ಚಿಕೊಳ್ಳೋದು’ ಅಂತಾರೆ. ಪೂರ್ತಿ ಅದಲ್ಲ, ಆದರೆ ಅದರಲ್ಲಿ ಪ್ರೀತಿಯೂ ಇದೆ, ತಪ್ಪೂ ಇದೆ.

ಹೆಸರು ಬೇಡ:
ಸಾಕು. ಇದು ಹೊಂದುತ್ತದೆ.

ಕರಿಕೋಟು:
ವಕೀಲರ ಲೋಕದಲ್ಲಿ ಈ ಪದಕ್ಕೆ ದೊಡ್ಡ ಬೆಲೆ. ‘ಎನೇಬ್ಲಿಂಗ್ ಪ್ರೊವಿಷನ್’ ಅಂತೀವಿ. ಸಂವಿಧಾನದ 15(4)ನೇ ವಿಧಿ ನೋಡಿ. ಮದ್ರಾಸಿನ ಕಾಲೇಜು ಮೀಸಲಾತಿ ಆದೇಶ ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ ಬಿದ್ದುಹೋಯಿತು. ಆಮೇಲೆ 1951ರ ಮೊದಲನೇ ತಿದ್ದುಪಡಿಯಲ್ಲಿ ಇದನ್ನು ಸೇರಿಸಿದರು. ಹಿಂದುಳಿದ ವರ್ಗಗಳಿಗೆ ಸರ್ಕಾರ ವಿಶೇಷ ಏರ್ಪಾಟು ಮಾಡುವುದಕ್ಕೆ ‘ಯಾವುದೂ ಅಡ್ಡಿಯಾಗತಕ್ಕದ್ದಲ್ಲ’ ಅನ್ನೋದು ಅದರ ಧಾಟಿ. ಮಾಡಲೇಬೇಕು ಅಂತಲ್ಲ, ಮಾಡಬಹುದು ಅಂತ. ಸರ್ಕಾರಿ ನೌಕರಿಯ ಮೀಸಲಾತಿಗೆ ಇರುವ 16(4) ಕೂಡ ಹಾಗೇ. 2020ರಲ್ಲಿ ಉತ್ತರಾಖಂಡದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು. ಇದು ಎನೇಬ್ಲಿಂಗ್, ಕೊಡಲೇಬೇಕು ಅಂತ ಸರ್ಕಾರಕ್ಕೆ ಆಜ್ಞೆ ಮಾಡಲು ಬರುವುದಿಲ್ಲ ಅಂತ. ‘ಮಾಡಬಹುದು’, ‘ಮಾಡತಕ್ಕದ್ದು’ ಇವೆರಡರ ನಡುವೆ ಎಷ್ಟು ಜನರ ಕೆಲಸ ನಿಂತಿದೆ ಯೋಚಿಸಿ.

ಚಿಲಕ ತೆಗೆಯುವುದು ಯಾವಾಗಲೂ ಒಳ್ಳೆಯದೇ ಅಂತಲೂ ಇಲ್ಲ. ಜರ್ಮನಿಯಲ್ಲಿ 1933ರ ಮಾರ್ಚ್ 23ಕ್ಕೆ ಪಾಸಾದ ಕಾಯಿದೆಗೆ ಇಂಗ್ಲಿಷಿನಲ್ಲಿ ‘ಎನೇಬ್ಲಿಂಗ್ ಆ್ಯಕ್ಟ್’ ಅಂತಲೇ ಹೆಸರು. ಸಂಸತ್ತಿನ ಹಂಗಿಲ್ಲದೆ ಹಿಟ್ಲರನ ಸರ್ಕಾರ ತಾನೇ ಕಾನೂನು ಮಾಡಬಹುದು ಅಂತ ಸಂಸತ್ತೇ ಬರೆದುಕೊಟ್ಟಿತು. ಪರವಾಗಿ 444, ವಿರುದ್ಧ 94.

ರಾಗಿಮುದ್ದೆ:
ಪಂಪ್‌ಸೆಟ್ಟಿನಿಂದ ಹಿಟ್ಲರ್‌ಗೆ ಬಂದ್ವಿ. ಇನ್ನು ಚಹಾ ಕುಡಿದು ಬರ್ತೀನಿ.

ಹಿತ್ತಲ ಗಿಡ:
ಹೋಗೋ ಮುಂಚೆ ‘ಡಿಸೇಬಲ್’ಗೆ ಒಂದು ಪದ ಹೇಳಿ ಹೋಗಿ. ‘ನಿಷ್ಕ್ರಿಯಗೊಳಿಸಿ’ ಅಂತ ನೋಡಿದರೆ ನನಗೆ ಬಾಂಬ್ ನೆನಪಾಗುತ್ತದೆ.

ಕೋಡ್ ಕುಟ್ಟಪ್ಪ:
ಡಿಸೇಬಲ್ ಅನ್ನೋದು ಮನುಷ್ಯರಿಗೂ ಬಳಕೆಯಾಗಿರೋ ಪದ, ಹಾಗಾಗಿ ಹುಷಾರು. ಬೆಂಗಳೂರಿನಲ್ಲಿ 1999ರಿಂದ ವಿಕಲಚೇತನರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುವ ಒಂದು ಸಂಸ್ಥೆ ಇದೆ, ‘ಎನೇಬಲ್ ಇಂಡಿಯಾ’. ಹೆಸರು ಬರೆಯುವಾಗ ಮಧ್ಯದ ‘ಏಬಲ್’ನ ಮೊದಲ ಅಕ್ಷರ ದೊಡ್ಡದು ಮಾಡುತ್ತಾರೆ. ಮೇಷ್ಟ್ರು ಬಿಡಿಸಿ ಹೇಳಿದ್ದನ್ನು ಅವರು ಹೆಸರಿನಲ್ಲೇ ಬಿಡಿಸಿಟ್ಟಿದ್ದಾರೆ. ಬಟನ್ನಿಗೆ ಬೇಕಾದರೆ ‘ಆಫ್ ಮಾಡಿ’ ಸಾಕು.

ಬೆಣ್ಣೆದೋಸೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು 37 ಸಲವನ್ನೂ ಮತ್ತೆ ಮಾಡಿದೆ. ‘ಲೊಕೇಶನ್ ಆನ್ ಮಾಡಿ’. ‘ಎಸ್ಸೆಮ್ಮೆಸ್‌ನಿಂದಲೂ ನಡೆಯುವ ಕಂಟ್ರೋಲರ್’. ‘ಮನೆಯಲ್ಲೇ ಕೂತು ಪಂಪ್ ಆನ್ ಮಾಡಬಹುದು’. ಇನ್ನೊಬ್ಬರಿಗೆ ಪಂಪ್ ನಡೆಸುವ ಹಕ್ಕು ಕೊಡುವ ಕಡೆ ‘ಅನುಮತಿ ಕೊಡಿ’, ಅದು ಇಂಗ್ಲಿಷಿನಲ್ಲೇ ತಪ್ಪಾಗಿ ಎನೇಬಲ್ ಇತ್ತು. ‘ಸಕ್ರಿಯ’ ಉಳಿದಿರುವುದು ಎರಡೇ ಕಡೆ, ಸಿಮ್ ಕಾರ್ಡಿಗೆ ಮತ್ತು ಖಾತೆಗೆ. ಅವು ನಿಜವಾಗಿ ಆ್ಯಕ್ಟಿವೇಟ್ ಆಗುವಂಥವೇ.

ಆಟೋ ಬಟನ್ನಿಗೆ ‘ಆಟೋಗೆ ಹಾಕಿ’ ಅಂತ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ: ‘ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಆನ್ ಆಗುತ್ತದೆ’. ಇಂಗ್ಲಿಷಿನಲ್ಲಿ ಆ ಸಾಲು ಇಲ್ಲ. ಕೆಲಸ ಕೊಟ್ಟವರು ಒಪ್ಪುತ್ತಾರೋ ಇಲ್ಲವೋ, ಒಂದು ಟಿಪ್ಪಣಿ ಬರೆದು ಕಳಿಸಿದ್ದೇನೆ.

ವೈಂಡಿಂಗ್ ಅಂಗಡಿ:
ತಂಗಿ, ಸಣ್ಣ ಅಕ್ಷರದಲ್ಲಿ ಬೇಡ. ಬಿಸಿಲಿನಲ್ಲಿ ಫೋನ್ ಕಾಣಲ್ಲ. ದಪ್ಪ ಅಕ್ಷರದಲ್ಲಿ ಹಾಕಿಸಿ.